ಮನೆಮಾತಿಗೆ ಗ್ರಂಥದ ಗೌರವ: ಶೆಣೈ ಗೋಂಯ್‌ಬಾಬರ ಬದುಕು

ಕಲಂಗುಟ್‌ನ ಗ್ರಾಮದೇವತೆ ಇಂದು ಕಲಂಗುಟ್‌ನಲ್ಲಿ ನೆಲೆಸಿಲ್ಲ. ಬಾರ್ದೇಸ್ ತಾಲೂಕಿನ ಈ ಕಡಲಂಚಿನ ಊರಿನಿಂದ ಒಳನಾಡಿಗೆ ಸಾಗಿ ಡಿಚೋಲಿ ತಾಲೂಕಿನ ನಾನೋಡಾ ಗ್ರಾಮವನ್ನು ತಲುಪಿದವರಿಗೆ ಅಲ್ಲಿ ಶಾಂತಾದುರ್ಗೆಯ ದೇವಾಲಯವೊಂದು ಕಾಣುತ್ತದೆ. ಆ ದೇವಿಯನ್ನು ಭಕ್ತರು ಕರೆಯುವುದು ಕಲಂಗುಟ್ಕರೀಣ್ ಎಂದು. ಅಂದರೆ ಕಲಂಗುಟ್‌ನವಳು ಎಂದು. ನಾಲ್ಕು ಶತಮಾನಗಳಿಗೂ ಹಿಂದೆ ಊರು ಬಿಟ್ಟ ದೇವಿ ತನ್ನ ಹೆಸರಿನಲ್ಲಿ ಆ ಊರನ್ನು ಇಂದಿಗೂ ಇರಿಸಿಕೊಂಡಿದ್ದಾಳೆ.

ಈ ಸ್ಥಳಾಂತರದ ಹಿನ್ನೆಲೆ ಗೋವೆಯ ಇತಿಹಾಸವನ್ನು ಓದಿದವರಿಗೆ ತಿಳಿದದ್ದೇ. 1510ರಲ್ಲಿ ಅಲ್ಬುಕರ್ಕ್ ಗೋವೆಯ ನಗರವನ್ನು ಗೆದ್ದನು. 1543ರಲ್ಲಿ ಬಾರ್ದೇಸ್ ಮತ್ತು ಸಾಷ್ಟಿ ಪ್ರಾಂತಗಳು ಪೋರ್ಚುಗೀಸರ ವಶವಾದವು. ಆ ಶತಮಾನದ ಉತ್ತರಾರ್ಧದಲ್ಲಿ ಈ ಪ್ರಾಂತಗಳ ದೇವಾಲಯಗಳು ಒಂದೊಂದಾಗಿ ನೆಲಸಮವಾದವು. 1560ರಲ್ಲಿ ಆರಂಭವಾದ ಧರ್ಮವಿಚಾರಣಾ ನ್ಯಾಯಾಲಯವು ನಡುವೆ ಅಲ್ಪಕಾಲ ನಿಂತದ್ದನ್ನು ಬಿಟ್ಟರೆ 1812ರವರೆಗೂ ನಡೆಯಿತು. ಮತಾಂತರಕ್ಕೆ ಒಪ್ಪದವರು ರಾತ್ರೋರಾತ್ರಿ ದೇವರ ಮೂರ್ತಿಗಳನ್ನು ಹೊತ್ತು, ಹೊಳೆ ದಾಟಿ, ಆಗ ವಿಜಾಪುರದ ಆದಿಲಶಾಹಿಗೆ ಸೇರಿದ್ದ ಫೋಂಡಾ, ಡಿಚೋಲಿಗಳ ಕಡೆಗೆ ಹೋದರು. ಕುಶಸ್ಥಳಿಯ ಮಂಗೇಶ ಹೋದದ್ದು, ಕೆಳಶಿಯ ಶಾಂತಾದುರ್ಗೆ ಕವಳೆಗೆ ಹೋದದ್ದು, ಕಲಂಗುಟ್‌ನ ದೇವಿ ನಾನೋಡಾಕ್ಕೆ ಹೋದದ್ದು ಹೀಗೆಯೇ. ಇನ್ನೂ ದೂರ ಹೋದವರು ಕಾರವಾರ, ಅಂಕೋಲಾ, ಕುಮಟಾ, ಭಟ್ಕಳ, ಮಂಗಳೂರುಗಳನ್ನು ಹಾದು ಕೊಚ್ಚಿಯವರೆಗೂ ನಡೆದರು. ಮತಾಂತರಗೊಂಡ ಕ್ರೈಸ್ತರಲ್ಲಿಯೂ ಅನೇಕ ಕುಟುಂಬಗಳು ಮುಂದಿನ ಕಾಲದಲ್ಲಿ ಬರ, ಯುದ್ಧ, ತೆರಿಗೆ, ವಿಚಾರಣೆಗಳ ಭಯದಿಂದ ಇದೇ ದಾರಿ ಹಿಡಿದವು.

ನೆಲವನ್ನು ಕಳೆದುಕೊಂಡ ಈ ಜನ ಕೊಂಡೊಯ್ದದ್ದು ಮುಖ್ಯವಾಗಿ ಎರಡು: ದೇವರು ಮತ್ತು ಮಾತು. ದೇವರಿಗೆ ಹೊಸ ಊರಿನಲ್ಲಿ ಗುಡಿ ಕಟ್ಟಲಾಯಿತು. ದೀಪಸ್ತಂಭ ನಿಂತಿತು, ಜಾತ್ರೆ ನಡೆಯಿತು. ಮಾತಿಗೆ ಮಾತ್ರ ಅಂಥ ಆಶ್ರಯ ದೊರೆಯಲಿಲ್ಲ. ಅದು ಅಡುಗೆಮನೆಯಲ್ಲಿ, ಗದ್ದೆಯ ಬದುವಿನಲ್ಲಿ, ಮೀನಿನ ಸಂತೆಯಲ್ಲಿ ಬದುಕಿತು. ಲೆಕ್ಕ ಬರೆಯುವಾಗ, ಪತ್ರ ಬರೆಯುವಾಗ, ಪುರಾಣ ಓದುವಾಗ ಎಲ್ಲರೂ ಅದನ್ನು ಹೊಸ್ತಿಲಿನಾಚೆ ಬಿಟ್ಟು ಬೇರೊಂದು ಭಾಷೆಯನ್ನು ಆಶ್ರಯಿಸಿದರು. ಈ ಮಾತಿಗೂ ಒಂದು ಗುಡಿ ಬೇಕೆಂದು ಹಟ ಹಿಡಿದು, ತನ್ನ ಆಯುಷ್ಯವನ್ನೇ ಅದಕ್ಕೆ ವ್ಯಯಿಸಿದವರು ವಾಮನ ರಘುನಾಥ ಶೆಣೈ ವರ್ದೆ ವಾಲಾವಲಿಕರ್. ನಾಡು ಅವರನ್ನು ಅರಿತಿರುವುದು ಶೆಣೈ ಗೋಂಯ್‌ಬಾಬ್ ಎಂಬ ಹೆಸರಿನಿಂದ. ಕೊಂಕಣಿಯಲ್ಲಿ ಗೋಂಯ್ ಎಂದರೆ ಗೋವೆ. ಬಾಬ್ ಎಂಬುದು ಗಂಡಸರನ್ನು ಗೌರವದಿಂದ ಕರೆಯುವ ಪದ. ಕಲಂಗುಟ್‌ನ ದೇವಿಯಂತೆ ಅವರೂ ತಮ್ಮ ಹೆಸರಿನಲ್ಲಿ ನಾಡನ್ನು ಹೊತ್ತುಕೊಂಡರು.

ಅವರು ಜನಿಸಿದ್ದು 1877ರ ಜೂನ್ 23ರಂದು, ಡಿಚೋಲಿಯಲ್ಲಿ. ನಾನೋಡಾದ ದೇವಿಗೆ ಆಶ್ರಯ ಕೊಟ್ಟ ಅದೇ ತಾಲೂಕು. 18ನೇ ಶತಮಾನದ ಕೊನೆಯ ಭಾಗದಲ್ಲಿ ಸಾವಂತವಾಡಿಯ ಭೋಸಲೆಯವರಿಂದ ಪೋರ್ಚುಗೀಸರ ಕೈಸೇರಿದ ಈ ಪ್ರದೇಶವನ್ನು ಗೋವೆಯ ಚರಿತ್ರೆಯಲ್ಲಿ ಹೊಸ ಗೆಲುವುಗಳೆಂದು ಗುರುತಿಸುತ್ತಾರೆ. ಆ ಹೊತ್ತಿಗೆ ಮತಾಂತರದ ಉಗ್ರತೆ ಇಳಿದಿದ್ದುದರಿಂದ ಅಲ್ಲಿ ದೇವಾಲಯಗಳು ಉಳಿದವು. ಹಬ್ಬ ಹರಿದಿನಗಳು ನಡೆದುಕೊಂಡು ಬಂದವು. ಬಾಲಕ ವಾಮನ ಬೆಳೆದದ್ದು ಹೀಗೆ ಹಳೆಯ ನೆಲದಿಂದ ಕಿತ್ತು ಬಂದ ದೇವರುಗಳ ನಡುವೆ, ಅವುಗಳ ಮೂಲಸ್ಥಾನದ ಕಥೆಗಳನ್ನು ಕೇಳುತ್ತಾ.

ಆದರೆ ಶಾಲೆಯ ಪಾಠ ಆ ಕಥೆಗಳ ಭಾಷೆಯಲ್ಲಿ ಇರಲಿಲ್ಲ. ಡಿಚೋಲಿಯಲ್ಲಿ ಅವರಿಗೆ ದೊರೆತದ್ದು ಮರಾಠಿ ಮತ್ತು ಪೋರ್ಚುಗೀಸ್ ಪ್ರಾಥಮಿಕ ಶಿಕ್ಷಣ. ಅಂದಿನ ಗೋವೆಯ ಸ್ಥಿತಿಯೇ ಹಾಗಿತ್ತು. ಹಿಂದೂ ಮನೆಯ ಮಗು ಅಕ್ಷರ ಕಲಿತರೆ ಅದು ಮರಾಠಿ ಅಕ್ಷರ. ದೇವಸ್ಥಾನದ ಲೆಕ್ಕಪತ್ರ, ಕೀರ್ತನೆ, ಪೋಥಿ ಎಲ್ಲವೂ ಮರಾಠಿ. ಕ್ರೈಸ್ತ ಮನೆಯ ಮಗು ಮೇಲೇರಬೇಕಾದರೆ ಅದು ಪೋರ್ಚುಗೀಸ್ ಕಲಿಯಬೇಕು; ಕಚೇರಿ, ನ್ಯಾಯಾಲಯ, ಪದವಿ ಎಲ್ಲವೂ ಆ ಭಾಷೆಯಲ್ಲಿ. ಎರಡು ಮನೆಗಳಲ್ಲಿಯೂ ತಾಯಿ ಮಗುವನ್ನು ಕರೆಯುತ್ತಿದ್ದುದು ಕೊಂಕಣಿಯಲ್ಲಿ. ಕಲಿತವರ ಕಣ್ಣಿಗೆ ಮಾತ್ರ ಅದು ಆಳುಕಾಳುಗಳೊಂದಿಗೆ ಆಡುವ ಮಾತಾಗಿತ್ತು. ಹಿಂದೂಗಳಲ್ಲಿ ಅನೇಕರು ಅದನ್ನು ಮರಾಠಿಯ ಅಶುದ್ಧ ರೂಪವೆಂದು ಬಗೆದರು. ಕ್ರೈಸ್ತರಲ್ಲಿ ಅನೇಕರು ಅದನ್ನು ಅಡುಗೆಯವರ ಭಾಷೆಯೆಂದು ಕಡೆಗಣಿಸಿದರು. ಆಳುವವರ ಧೋರಣೆ ಇದಕ್ಕೂ ಹಳೆಯದು. 1684ರ ಜೂನ್ 27ರಂದು ಆಲ್ವೋರ್‌ನ ಕೌಂಟ್ ಪದವಿಯ ವೈಸ್‌ರಾಯ್ ಹೊರಡಿಸಿದ ಆಜ್ಞೆಯು ಜನರು ಮೂರು ವರ್ಷದೊಳಗೆ ತಮ್ಮ ಮಾತನ್ನು ಬಿಟ್ಟು ಪೋರ್ಚುಗೀಸ್ ಆಡಬೇಕೆಂದು ವಿಧಿಸಿತ್ತು. ಆಜ್ಞೆ ಸಂಪೂರ್ಣ ಫಲಿಸಲಿಲ್ಲ. ಆದರೆ ತನ್ನ ಮಾತಿನ ಬಗ್ಗೆ ನಾಚುವ ಅಭ್ಯಾಸವು ಜನರಲ್ಲಿ ಬೇರೂರಿತು.

ಹೆಚ್ಚಿನ ಓದಿಗೆಂದು ವಾಲಾವಲಿಕರ್ ಮುಂಬಯಿಗೆ ಹೋದರು. ಅವರ ಬಾಳಿನ ಬಹುಭಾಗ ಕಳೆದದ್ದು ಆ ನಗರದಲ್ಲಿಯೇ. ಅಂದಿನ ಮುಂಬಯಿ ಗೋವೆಯವರ ಎರಡನೆಯ ಊರಾಗಿತ್ತು. ಹಡಗಿನ ನಾವಿಕರು, ಅಡುಗೆಯವರು, ಸಂಗೀತಗಾರರು, ದರ್ಜಿಗಳು, ಗುಮಾಸ್ತರು ಅಲ್ಲಿ ನೆಲೆಸಿದ್ದರು. ಬಾರ್ದೇಸ್ ಮತ್ತು ಸಾಷ್ಟಿಯ ಅನೇಕ ಗ್ರಾಮಗಳು ತಮ್ಮ ಊರಿನವರಿಗಾಗಿ ಅಲ್ಲಿ ಕೂಡ್ ಎಂಬ ವಸತಿಗೃಹಗಳನ್ನು ನಡೆಸುತ್ತಿದ್ದವು. ಕೆಲಸ ಹುಡುಕಿ ಬಂದ ಹುಡುಗ ಮೊದಲು ತನ್ನ ಊರಿನ ಕೂಡನ್ನು ಹುಡುಕುತ್ತಿದ್ದನು. ಪೋರ್ಚುಗೀಸರ ನೆಲದಲ್ಲಿ ಕೊಂಕಣಿಗೆ ಇಲ್ಲದ ಅವಕಾಶ ಈ ಪರಸ್ಥಳದಲ್ಲಿ ಸ್ವಲ್ಪಮಟ್ಟಿಗೆ ಇತ್ತು. ಕೊಂಕಣಿಯ ಮೊದಲ ನಿಯತಕಾಲಿಕ 1889ರಲ್ಲಿ ಹೊರಟದ್ದು ಪುಣೆಯಲ್ಲಿ. ಮೊದಲ ತಿಯಾತ್ರ್ ನಾಟಕ 1892ರಲ್ಲಿ ರಂಗವೇರಿದ್ದು ಮುಂಬಯಿಯಲ್ಲಿ. ಇವು ಬಹುಮಟ್ಟಿಗೆ ರೋಮನ್ ಲಿಪಿಯ, ಕ್ರೈಸ್ತ ಸಮಾಜದ ಉದ್ಯಮಗಳು. ಹಿಂದೂ ಗೋವನ್ನರು ಆಗಲೂ ಮರಾಠಿಯಲ್ಲಿಯೇ ಬರೆಯುತ್ತಿದ್ದರು.

ವಿಶ್ವವಿದ್ಯಾನಿಲಯದ ಪೀಠವಿಲ್ಲದ, ರಾಜಾಶ್ರಯವಿಲ್ಲದ ಈ ಮನುಷ್ಯ ಉದ್ಯೋಗದ ನಡುವೆ ಬಿಡುವು ಮಾಡಿಕೊಂಡು ಹಳೆಯ ಗ್ರಂಥಗಳನ್ನು ಹುಡುಕಿ ಓದತೊಡಗಿದರು. ಅಲ್ಲಿ ತಮ್ಮ ಮನೆಮಾತಿಗೆ ಒಂದು ಮರೆತುಹೋದ ವಂಶಾವಳಿ ಇರುವುದು ಅವರಿಗೆ ಕಾಣಿಸಿತು. 1579ರಲ್ಲಿ ಗೋವೆಗೆ ಬಂದ ಇಂಗ್ಲಿಷ್ ಪಾದ್ರಿ ಥಾಮಸ್ ಸ್ಟೀಫನ್ಸ್ ಈ ಭಾಷೆಗೆ ವ್ಯಾಕರಣ ಬರೆದಿದ್ದರು. ಅದು ಅವರ ಮರಣಾನಂತರ 1640ರಲ್ಲಿ ರಾಯತೂರಿನಲ್ಲಿ ಅಚ್ಚಾಯಿತು. ಕನ್ನಡದ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿಯೆಂದರೆ ಆ ವ್ಯಾಕರಣವು ಕೊಂಕಣಿಯನ್ನು ಕನಾರಿಂ ಭಾಷೆಯೆಂದು ಹೆಸರಿಸುತ್ತದೆ. ಕದಂಬರು, ವಿಜಯನಗರದವರು ಆಳಿದ ಈ ಕರಾವಳಿಯನ್ನು ಪೋರ್ಚುಗೀಸರು ಕನ್ನಡದ ಹೆಸರಿನಿಂದಲೇ ಗುರುತಿಸಿದರು. ಹೀಗಾಗಿ ಕೊಂಕಣಿಗೆ ತನ್ನ ಸ್ವಂತ ಹೆಸರೂ ಬಹುಕಾಲ ಸರಿಯಾಗಿ ಸಿಗಲಿಲ್ಲ. 19ನೇ ಶತಮಾನದಲ್ಲಿ ಗೋವೆಯ ಸರ್ಕಾರದ ಕಾರ್ಯದರ್ಶಿಯಾಗಿ ಬಂದ ಕುಞ ರಿವಾರ ಎಂಬ ಪೋರ್ಚುಗೀಸ್ ವಿದ್ವಾಂಸರು 1858ರಲ್ಲಿ ಕೊಂಕಣಿಯ ಇತಿಹಾಸವನ್ನು ಕುರಿತು ಪ್ರಬಂಧ ಬರೆದು, ಅದನ್ನು ಶಾಲೆಗಳಲ್ಲಿ ಕಲಿಸಬೇಕೆಂದು ವಾದಿಸಿದ್ದರು. ಬಾರ್ದೇಸ್‌ನ ಅಸಗಾಂವ್‌ನವರಾದ ದಾಲ್ಗಾದೊ ಅವರು 1893ರಲ್ಲಿ ಕೊಂಕಣಿ ಪೋರ್ಚುಗೀಸ್ ಕೋಶವನ್ನು ಪ್ರಕಟಿಸಿದ್ದರು. ಇಷ್ಟೆಲ್ಲ ಕೆಲಸ ಹೊರಗಿನವರಿಂದಲೂ ಪಾದ್ರಿಗಳಿಂದಲೂ ಆಗಿತ್ತು. ಆ ಮಾತಿನ ಮಕ್ಕಳು ಅದರಲ್ಲಿ ಗದ್ಯ ಬರೆಯಲು ಇನ್ನೂ ಹಿಂಜರಿಯುತ್ತಿದ್ದರು.

ವಾಲಾವಲಿಕರ್ ಆ ಹಿಂಜರಿಕೆಯನ್ನು ಬಿಟ್ಟರು. 1910ರಲ್ಲಿ ಪೋರ್ಚುಗಲ್ಲಿನಲ್ಲಿ ಗಣರಾಜ್ಯ ಸ್ಥಾಪನೆಯಾಗಿ ಗೋವೆಯ ಹಿಂದೂಗಳಿಗೆ ಸಮಾನ ನಾಗರಿಕ ಹಕ್ಕುಗಳು ದೊರೆತ ಕಾಲವದು. ಹೊಸ ಶಾಲೆಗಳು, ಪತ್ರಿಕೆಗಳು, ವಾಚನಾಲಯಗಳು ಹುಟ್ಟಿಕೊಂಡವು. ಅವುಗಳಲ್ಲಿ ಬಹುಪಾಲು ಮರಾಠಿಯವು. ಪ್ರವಾಹ ಆ ಕಡೆ ಹರಿಯುತ್ತಿದ್ದಾಗ ವಾಲಾವಲಿಕರ್ ಫ್ರೆಂಚ್ ನಾಟಕಕಾರ ಮೊಲಿಯೇರನ ನಗೆನಾಟಕವನ್ನು ಗೋವೆಯ ಬದುಕಿಗೆ ಒಗ್ಗಿಸಿ ಮೋಗಾಚೆಂ ಲಗ್ನ ಎಂಬ ಹೆಸರಿನಲ್ಲಿ ಕೊಂಕಣಿಗೆ ತಂದರು. ಅವರ ಆಯ್ಕೆ ಅರ್ಥಪೂರ್ಣವಾದುದು. ಕೊಂಕಣಿ ನಗಿಸಲಷ್ಟೇ ತಕ್ಕದ್ದೆಂದು ಹೇಳುವವರಿದ್ದರು. ಹಾಗಾದರೆ ಜಗತ್ತಿನ ಶ್ರೇಷ್ಠ ನಗೆಯನ್ನೇ ಅದರಲ್ಲಿ ತಂದು ತೋರಿಸುವುದು ಒಳ್ಳೆಯ ಉತ್ತರವಾಗಿತ್ತು.

ಅವರ ಕೃತಿಗಳಲ್ಲಿ ಈ ಲೇಖನಕ್ಕೆ ಬಹು ಮುಖ್ಯವಾದುದು 1928ರ ಗೋಂಯ್‌ಕಾರಾಂಚಿ ಗೋಂಯಾಭಾಯ್ಲಿ ವಸಣೂಕ. ಹೆಸರೇ ಹೇಳುವಂತೆ ಅದು ಗೋವೆಯವರು ಗೋವೆಯ ಹೊರಗೆ ನೆಲೆಸಿದ ಚರಿತ್ರೆ. ಅದುವರೆಗೆ ಈ ವಲಸೆಯ ನೆನಪು ಕುಲಪುರಾಣಗಳಲ್ಲಿ, ದೇವಾಲಯಗಳ ಐತಿಹ್ಯಗಳಲ್ಲಿ, ಮನೆತನದ ಹೆಸರುಗಳಲ್ಲಿ ಚದುರಿಹೋಗಿತ್ತು. ಒಂದೂರಿನ ಹೆಸರಿಗೆ ಕರ ಸೇರಿಸಿಕೊಂಡ ಮನೆತನಗಳು ಮಂಗಳೂರಿನಲ್ಲೋ ಬೆಳಗಾವಿಯಲ್ಲೋ ಬಾಳುತ್ತಾ, ತಲೆಮಾರುಗಳಿಂದ ನೋಡದ ಊರನ್ನು ಹೆಸರಿನಲ್ಲಿ ಹೇಳಿಕೊಳ್ಳುತ್ತಿದ್ದವು. ಕೊಚ್ಚಿಗೆ ಹೋದ ಕೊಂಕಣಿಗರಲ್ಲಿ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟರೆಂಬ ಮೂವರು ವೈದ್ಯರು 1675ರಲ್ಲಿ ಬರೆದ ಕೊಂಕಣಿ ಹೇಳಿಕೆಯು ಡಚ್ಚರ ಸಸ್ಯಗ್ರಂಥವಾದ ಹೋರ್ತುಸ್ ಮಲಬಾರಿಕುಸ್‌ನ ಮೊದಲ ಸಂಪುಟದಲ್ಲಿ, ನಾಗರೀ ಲಿಪಿಯಲ್ಲಿಯೇ, ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಅಚ್ಚಾಯಿತು. ನೆಲ ಬಿಟ್ಟ ಮಾತು ಅಷ್ಟು ದೂರ ನಡೆದಿತ್ತು. ಹೀಗೆ ಚದುರಿದವರೆಲ್ಲ ಒಂದೇ ಮರದಿಂದ ಉದುರಿದ ಬೀಜಗಳೆಂಬ ತಿಳಿವನ್ನು ವಾಲಾವಲಿಕರ್ ಓದುಗರ ಮುಂದಿಟ್ಟರು. ಅದನ್ನೂ ಆ ಚದುರಿದವರ ಮನೆಮಾತಿನಲ್ಲಿಯೇ ಇಟ್ಟರು.

ಅದಕ್ಕೆ ಸರಿಯಾಗಿ ನೂರು ವರ್ಷ ಹಿಂದೆ, 1828ರಲ್ಲಿ, ಭೂಮಿಯ ಇನ್ನೊಂದು ಬದಿಯಲ್ಲಿ ಇಂಥದೇ ಒಂದು ಜನಾಂಗ ತನ್ನ ಮಾತನ್ನು ಅಚ್ಚಿಗೆ ಏರಿಸಿತ್ತು. ಅಮೆರಿಕದ ಆಗ್ನೇಯ ಭಾಗದ ಬೆಟ್ಟಗಳಲ್ಲಿ ಬಾಳುತ್ತಿದ್ದ ಚೆರೋಕೀ ಎಂಬ ಮೂಲನಿವಾಸಿಗಳ ನಡುವೆ ಸಿಕೋಯಾ ಎಂಬ ಬೆಳ್ಳಿ ಕೆಲಸಗಾರನಿದ್ದನು. ಅವನಿಗೆ ಇಂಗ್ಲಿಷ್ ಓದಲು ಬಾರದು. ಬಿಳಿಯರ ಕಾಗದಗಳು ಮಾತನಾಡುವುದನ್ನು ಕಂಡು, ತನ್ನ ಜನರ ಮಾತನ್ನೂ ಹಾಗೆ ಹಿಡಿದಿಡಬೇಕೆಂದು ವರ್ಷಗಟ್ಟಲೆ ಶ್ರಮಿಸಿ, 1821ರ ಸುಮಾರಿಗೆ ಒಂದೊಂದು ಉಚ್ಚಾರಾಂಶಕ್ಕೆ ಒಂದೊಂದು ಗುರುತಿನಂತೆ ಎಂಬತ್ತಕ್ಕೂ ಮಿಕ್ಕಿದ ಅಕ್ಷರಗಳನ್ನು ರೂಪಿಸಿದನು. ಕೆಲವೇ ವರ್ಷಗಳಲ್ಲಿ ಸಾವಿರಾರು ಮಂದಿ ಅವನ್ನು ಕಲಿತರು. 1828ರ ಫೆಬ್ರವರಿಯಲ್ಲಿ ಚೆರೋಕೀ ಫೀನಿಕ್ಸ್ ಎಂಬ ಪತ್ರಿಕೆ ಹೊರಟಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಆ ಜನರನ್ನು ಸೈನ್ಯದ ಕಾವಲಿನಲ್ಲಿ ತವರಿನಿಂದ ಹೊರಡಿಸಿ ಪಶ್ಚಿಮಕ್ಕೆ ಅಟ್ಟಲಾಯಿತು. ಸುಮಾರು 16,000 ಮಂದಿಯಲ್ಲಿ 4,000ದಷ್ಟು ಜನ ಆ ಪ್ರಯಾಣದಲ್ಲಿ ಸತ್ತರೆಂದು ಅಂದಾಜು. ಕಣ್ಣೀರಿನ ದಾರಿ ಎಂದೇ ಚರಿತ್ರೆ ಅದನ್ನು ಕರೆಯುತ್ತದೆ. ನೆಲ ಹೋಯಿತು, ಅಕ್ಷರಗಳು ಜನರೊಂದಿಗೆ ಪಶ್ಚಿಮಕ್ಕೆ ನಡೆದವು. ಅದಕ್ಕೂ ಮೊದಲೇ ಪಶ್ಚಿಮಕ್ಕೆ ಹೋಗಿದ್ದ ಸಿಕೋಯಾ, ಮೆಕ್ಸಿಕೋ ಕಡೆಗೆ ಚದುರಿಹೋದ ತನ್ನವರನ್ನು ಹುಡುಕುತ್ತಾ ಹೋಗಿ 1843ರಲ್ಲಿ ಅಲ್ಲಿಯೇ ತೀರಿಕೊಂಡನು.

ಸಿಕೋಯಾ ಮತ್ತು ವಾಲಾವಲಿಕರರ ನಡುವೆ ಹೋಲಿಕೆ ಇರುವಂತೆಯೇ ವ್ಯತ್ಯಾಸವೂ ಇದೆ. ಸಿಕೋಯಾ ನಿರಕ್ಷರಿ, ವಾಲಾವಲಿಕರ್ ಹಲವು ಭಾಷೆಗಳನ್ನು ಓದಿದವರು. ಚೆರೋಕೀಗೆ ಲಿಪಿಯೇ ಇರಲಿಲ್ಲ. ಕೊಂಕಣಿಗೆ ಲಿಪಿಗಳು ಅಗತ್ಯಕ್ಕಿಂತ ಹೆಚ್ಚಾಗಿದ್ದವು. ಗೋವೆಯ ಕ್ರೈಸ್ತರು ರೋಮನ್‌ನಲ್ಲಿ, ಹಿಂದೂಗಳು ದೇವನಾಗರಿಯಲ್ಲಿ, ಕರ್ನಾಟಕದ ಕರಾವಳಿಯವರು ಕನ್ನಡದಲ್ಲಿ, ಕೇರಳದವರು ಮಲಯಾಳದಲ್ಲಿ, ನವಾಯತರು ಅರಬೀ ಮೂಲದ ಲಿಪಿಯಲ್ಲಿ ತಂತಮ್ಮ ಮಾತನ್ನು ಬರೆದರು. ಒಬ್ಬನು ಇಲ್ಲದ ಅಕ್ಷರವನ್ನು ಕಟ್ಟಿದನು. ಇನ್ನೊಬ್ಬರು ಒಡೆದುಹೋದ ಓದುಗರನ್ನು ಕೂಡಿಸಲು ಹೊರಟರು. ಎರಡನೆಯ ಕೆಲಸ ಸುಲಭವಾದುದಲ್ಲ.

1930ರಲ್ಲಿ ಪ್ರಕಟವಾದ ಕೊಂಕಣಿ ಭಾಷೆಚೆಂ ಜೈತ್ ಎಂಬ ಗ್ರಂಥದಲ್ಲಿ ವಾಲಾವಲಿಕರ್ ನೇರವಾಗಿ ವಾದಕ್ಕೆ ನಿಂತರು. ಜೈತ್ ಎಂದರೆ ವಿಜಯ. ಕೊಂಕಣಿ ಮರಾಠಿಯ ಉಪಭಾಷೆ ಎಂಬ ಮತವನ್ನು ಅವರು ಭಾಷೆಯ ರಚನೆ ಮತ್ತು ಇತಿಹಾಸಗಳ ಆಧಾರದಿಂದ ಎದುರಿಸಿದರು. ಎರಡೂ ಭಾಷೆಗಳನ್ನು ಬಲ್ಲವರಿಗೆ ಈ ಭೇದ ಸಣ್ಣ ಪದಗಳಲ್ಲಿಯೇ ಕೇಳಿಸುತ್ತದೆ. ನಾನು ಎನ್ನಲು ಮರಾಠಿಯವನು ಮೀ ಎನ್ನುತ್ತಾನೆ, ಕೊಂಕಣಿಯವನು ಹಾಂವ್ ಎನ್ನುತ್ತಾನೆ. ಇದೆ ಎನ್ನಲು ಅಲ್ಲಿ ಆಹೇ, ಇಲ್ಲಿ ಆಸಾ. ಕುದುರೆ ಅಲ್ಲಿ ಘೋಡಾ, ಇಲ್ಲಿ ಘೋಡೊ. ಪದಗಳು ಸಾಲವಾಗಿ ಬಂದು ಹೋಗಬಹುದು. ನಾನು, ಇದೆ ಎಂಬಂಥ ಮಾತುಗಳನ್ನು ಜನ ಸುಲಭವಾಗಿ ಸಾಲ ತರುವುದಿಲ್ಲ. ಇಂಥ ವಿಚಾರಗಳನ್ನು ಅವರು ಮುಂದೆ ನಾದಶಾಸ್ತ್ರ ಮತ್ತು ವ್ಯಾಕರಣಗಳ ಕುರಿತ ಕೃತಿಗಳಲ್ಲಿ ಬೆಳೆಸಿದರು. ಕೊಂಕಣಿಯ ಅನುನಾಸಿಕ ಸ್ವರಗಳನ್ನೂ, ಬರಹದಲ್ಲಿ ಒಂದೇ ಆಗಿ ಕಂಡರೂ ಉಚ್ಚಾರದಲ್ಲಿ ಬೇರೆಯಾಗುವ ಎ ಒ ಸ್ವರಗಳನ್ನೂ ಕಿವಿಗೊಟ್ಟು ಕೇಳಿ ವಿವರಿಸುವುದು ಅಂದಿನ ಕಾಲಕ್ಕೆ ಹೊಸ ಕೆಲಸವಾಗಿತ್ತು.

ವಾದವೊಂದರಿಂದಲೇ ಭಾಷೆ ಬೆಳೆಯುವುದಿಲ್ಲ ಎಂಬುದನ್ನು ಅವರು ಬಲ್ಲವರು. ಆದ್ದರಿಂದ ಕಥೆಗಳನ್ನು ಬರೆದರು. ಗೋಮಂತೋಪನಿಷತ್ ಎಂಬ ಹೆಸರಿನ ಎರಡು ಸಂಪುಟಗಳು ಹೊರಬಂದವು. ಉಪನಿಷತ್ತೆಂಬ ಪದವನ್ನು ಗೋವೆಯ ಹಳ್ಳಿಯ ಕಥೆಗಳಿಗೆ ಜೋಡಿಸಿದುದರಲ್ಲಿ ತುಸು ವಿನೋದವೂ ಬಹಳ ಅಭಿಮಾನವೂ ಇದೆ. ಮಕ್ಕಳಿಗೆಂದು ಪುಸ್ತಕ ಬರೆದರು. ಭಗವದ್ಗೀತೆಯನ್ನು ಕೊಂಕಣಿಗೆ ತಂದರು. ಕಲಂಗುಟ್‌ಗೆ ಹೊಂದಿಕೊಂಡಿರುವ ಕಾಂದೋಳಿಯಲ್ಲಿ 1756ರಲ್ಲಿ ಹುಟ್ಟಿ, ಪ್ಯಾರಿಸ್‌ನಲ್ಲಿ ಸಮ್ಮೋಹನವಿದ್ಯೆಯ ಆಚಾರ್ಯನಾಗಿ ಹೆಸರು ಪಡೆದ ಅಬೆ ಫಾರಿಯಾ ಎಂಬ ಪಾದ್ರಿಯ ಜೀವನಚರಿತ್ರೆಯನ್ನು ಬರೆದರು. ಸಾರಸ್ವತ ಬ್ರಾಹ್ಮಣ ಮನೆತನದ ಹಿಂದೂ ಲೇಖಕರೊಬ್ಬರು ಕ್ರೈಸ್ತ ಪಾದ್ರಿಯ ಬದುಕನ್ನು ತಮ್ಮ ನಾಡಿನ ಹೆಮ್ಮೆಯೆಂದು ಕಂಡು ಬರೆದುದು ಗಮನಾರ್ಹ. ಗೋವೆಯಲ್ಲಿ ಗುಡಿ ಮತ್ತು ಇಗರ್ಜಿಗಳ ನಡುವೆ ಸೇತುವೆಯಾಗಬಲ್ಲದ್ದು ಎರಡೂ ಕಡೆಯವರು ಮನೆಯಲ್ಲಿ ಆಡುವ ಮಾತೊಂದೇ ಎಂಬುದು ಅವರ ದೃಢವಾದ ನಂಬಿಕೆಯಾಗಿತ್ತು.

ಆ ಸೇತುವೆ ಅವರ ಕಾಲದಲ್ಲಿ ಪೂರ್ಣವಾಗಲಿಲ್ಲ ಎಂಬುದನ್ನೂ ಹೇಳಬೇಕು. ಅವರು ಬರೆದದ್ದು ದೇವನಾಗರಿಯಲ್ಲಿ. ಅವರ ಗದ್ಯದ ತಳಪಾಯ ಹಿಂದೂ ಸಾರಸ್ವತರ ನುಡಿ. ಬಾರ್ದೇಸ್‌ನ ಕ್ರೈಸ್ತ ಓದುಗರಿಗೆ ಆ ಲಿಪಿ ಅಪರಿಚಿತ, ಆ ಪದಗಳಲ್ಲಿ ಹಲವು ದೂರದವು. ಗದ್ದೆಯಲ್ಲಿ ದುಡಿಯುವ ಕುಣಬಿ, ಗಾವಡೆಗಳ ಕೊಂಕಣಿಗೆ ಗ್ರಂಥದಲ್ಲಿ ಸ್ಥಾನ ದೊರೆಯಲು ಇನ್ನಷ್ಟು ಕಾಲ ಬೇಕಾಯಿತು. ಇನ್ನೊಂದು ಕಡೆ ಮರಾಠಿಯ ಅಭಿಮಾನಿಗಳ ಮಾತಿನಲ್ಲಿಯೂ ನ್ಯಾಯವಿತ್ತು. ಪೋರ್ಚುಗೀಸರ ದೀರ್ಘ ಆಳ್ವಿಕೆಯಲ್ಲಿ ಗೋವೆಯ ಹಿಂದೂಗಳಿಗೆ ಜ್ಞಾನೇಶ್ವರ, ತುಕಾರಾಮರ ವಾಣಿಯನ್ನು ಕೊಟ್ಟು ಅವರ ಧರ್ಮವನ್ನು ಕಾದದ್ದು ಮರಾಠಿ. ಆ ಋಣವನ್ನು ಮರೆತು ಹೊಸ ಮನೆ ಕಟ್ಟುವುದೇಕೆ ಎಂಬುದು ಅವರ ಪ್ರಶ್ನೆ. ವಾಲಾವಲಿಕರರೂ ಅಕ್ಷರ ಕಲಿತದ್ದು ಮರಾಠಿಯಲ್ಲಿಯೇ. ತಾವು ಓದಿ ಬೆಳೆದ ಭಾಷೆಯೊಂದಿಗೆ ವಾದಕ್ಕೆ ನಿಲ್ಲುವುದು ಪರಕೀಯರ ಭಾಷೆಯನ್ನು ವಿರೋಧಿಸಿದಷ್ಟು ಸರಳವಲ್ಲ.

ಇದನ್ನು ಕನ್ನಡದ ಉದಾಹರಣೆಗಳಿಂದ ತೂಗಿ ನೋಡಬಹುದು. ಮಂಜೇಶ್ವರದ ಗೋವಿಂದ ಪೈ ಅವರ ಮನೆಮಾತು ಕೊಂಕಣಿ. ಅವರು ಕನ್ನಡದ ಮೊದಲ ರಾಷ್ಟ್ರಕವಿಯಾದರು. ಧಾರವಾಡದ ಬೇಂದ್ರೆಯವರ ಮನೆಮಾತು ಮರಾಠಿ. ಅವರು ಕನ್ನಡದ ವರಕವಿಯಾದರು. ಮನೆಯ ಮಾತು ಒಂದು, ಗ್ರಂಥದ ಮಾತು ಇನ್ನೊಂದು ಆದುದರಿಂದ ಇವರ ಪ್ರತಿಭೆಗೆ ಕುಂದು ಬರಲಿಲ್ಲ. ಕನ್ನಡಕ್ಕಂತೂ ಸಂಪತ್ತೇ ಬಂತು. ಹಾಗಾದರೆ ವಾಲಾವಲಿಕರರ ಹಟ ಅನಾವಶ್ಯಕವಾಗಿತ್ತೇ? ಹಾಗೆನ್ನಲಾಗದು. ಬೇಂದ್ರೆಯವರು ಬರೆಯದಿದ್ದರೂ ಮರಾಠಿಗೆ ಶಾಲೆ, ಗ್ರಂಥ, ಪತ್ರಿಕೆಗಳಿದ್ದವು. ಅವರು ಕನ್ನಡವನ್ನು ಪ್ರೀತಿಯಿಂದ ಆಯ್ದುಕೊಂಡರು. ಡಿಚೋಲಿಯ ಮಗುವಿಗೆ ಅಂಥ ಆಯ್ಕೆಯೇ ಇರಲಿಲ್ಲ. ಓದಬೇಕೆಂದರೆ ಮನೆಮಾತನ್ನು ಬಿಡಲೇಬೇಕಿತ್ತು. ಇನ್ನೊಂದು ಭಾಷೆಗೆ ಒಲಿದು ಹೋಗುವುದು ಸಂತೋಷದ ಸಂಗತಿ. ತನ್ನದಕ್ಕೆ ನಾಚಿ ಓಡಿಹೋಗುವುದು ಬೇರೆ. ವಾಲಾವಲಿಕರ್ ಹೋರಾಡಿದ್ದು ಆ ನಾಚಿಕೆಯ ವಿರುದ್ಧ.

ಅವರ ಜೀವಿತದಲ್ಲಿ ಈ ಪುಸ್ತಕಗಳನ್ನು ಓದಿದವರು ಬಹಳ ಮಂದಿಯಲ್ಲ. ಆದರೆ ಓದಿದವರಲ್ಲಿ ಕೆಲವರು ಬೀಜವಾದರು. ಮರಾಠಿಯಲ್ಲಿ ಕವಿಯೆಂದು ಹೆಸರಾಗಿದ್ದ ಬಾಕೀಬಾಬ್ ಬೋರಕರರು ಕೊಂಕಣಿಯಲ್ಲಿಯೂ ಹಾಡಿದರು. ತರುಣ ರವೀಂದ್ರ ಕೇಳೇಕರರು ಗೋಂಯ್‌ಬಾಬರನ್ನು ತಮ್ಮ ಮಾರ್ಗದರ್ಶಕರೆಂದು ಸ್ವೀಕರಿಸಿ ಕೊಂಕಣಿಗೆ ಬದುಕನ್ನು ಮುಡಿಪಿಟ್ಟರು; ಮುಂದೆ ಕೊಂಕಣಿಗೆ ಮೊದಲ ಜ್ಞಾನಪೀಠ ಪ್ರಶಸ್ತಿ ತಂದುಕೊಟ್ಟವರು ಅವರೇ. 1939ರಲ್ಲಿ ಅಖಿಲ ಭಾರತೀಯ ಕೊಂಕಣಿ ಪರಿಷತ್ತಿನ ಮೊದಲ ಅಧಿವೇಶನ ನಡೆದದ್ದು ಕಾರವಾರದಲ್ಲಿ. ಚದುರಿದವರು ಒಂದೆಡೆ ಸೇರಿದ್ದು ಕರ್ನಾಟಕದ ಕರಾವಳಿಯಲ್ಲಿ ಎಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ.

1946ರ ಏಪ್ರಿಲ್ 9ರಂದು ಶೆಣೈ ಗೋಂಯ್‌ಬಾಬರು ಮುಂಬಯಿಯಲ್ಲಿ ನಿಧನರಾದರು. ಎರಡೇ ತಿಂಗಳು ಕಳೆದು ಜೂನ್ 18ರಂದು ರಾಮಮನೋಹರ ಲೋಹಿಯಾ ಮಡಗಾಂವ್‌ನಲ್ಲಿ ಸತ್ಯಾಗ್ರಹದ ಕಿಡಿ ಹಚ್ಚಿದರು. ಗೋವೆಯ ವಿಮೋಚನೆಯಾದದ್ದು 1961ರ ಡಿಸೆಂಬರ್ 19ರಂದು. ಸ್ವತಂತ್ರ ಗೋವೆಯನ್ನು ಅವರು ಕಾಣಲಿಲ್ಲ. ಆದರೆ ಆ ಗೋವೆ ತನ್ನ ಭವಿಷ್ಯವನ್ನು ನಿರ್ಧರಿಸಬೇಕಾದಾಗ ಅವರು ಎತ್ತಿದ ಪ್ರಶ್ನೆಯೇ ಮುಂದೆ ನಿಂತಿತು. ಮಹಾರಾಷ್ಟ್ರದೊಂದಿಗೆ ವಿಲೀನವಾಗಬೇಕೇ ಎಂದು 1967ರ ಜನವರಿ 16ರಂದು ಜನಮತ ಕೇಳಲಾಯಿತು. 34,021 ಮತಗಳ ಅಂತರದಿಂದ ವಿಲೀನ ಬೇಡವೆಂದು ತೀರ್ಮಾನವಾಯಿತು. 1975ರಲ್ಲಿ ಸಾಹಿತ್ಯ ಅಕಾಡೆಮಿ ಕೊಂಕಣಿಯನ್ನು ಸ್ವತಂತ್ರ ಸಾಹಿತ್ಯಭಾಷೆಯೆಂದು ಮನ್ನಿಸಿತು. 1987ರ ಫೆಬ್ರವರಿ 4ರಂದು ದೇವನಾಗರಿ ಲಿಪಿಯ ಕೊಂಕಣಿ ಗೋವೆಯ ರಾಜಭಾಷೆಯಾಯಿತು. ಮರಾಠಿಯ ಬಳಕೆಗೂ ಕಾಯಿದೆಯಲ್ಲಿ ಅವಕಾಶ ಉಳಿಯಿತು. 1992ರಲ್ಲಿ ಕೊಂಕಣಿ ಸಂವಿಧಾನದ ಎಂಟನೆಯ ಅನುಸೂಚಿಯನ್ನು ಸೇರಿತು. ರೋಮನ್ ಲಿಪಿಯವರ ಅಳಲು ಇಂದಿಗೂ ತೀರಿಲ್ಲ. ಏಪ್ರಿಲ್ 9ನ್ನು ಕೊಂಕಣಿಗರು ವಿಶ್ವ ಕೊಂಕಣಿ ದಿನವೆಂದು ಆಚರಿಸುತ್ತಾರೆ.

ಚೆರೋಕೀ ಜನರ ತಾಯೂರೆಂದು ಹೆಸರಾದ ಕಿಟೂವಾ ಎಂಬ ಸ್ಥಳವನ್ನು ಬೆಟ್ಟಗಳಲ್ಲಿ ಉಳಿದುಕೊಂಡ ಅವರ ಪೂರ್ವಶಾಖೆಯವರು 1996ರಲ್ಲಿ ಹಣ ಕೊಟ್ಟು ಮರಳಿ ಪಡೆದರು. ಕಲಂಗುಟ್‌ನ ದೇವಿ ಮಾತ್ರ ನಾನೋಡಾದಲ್ಲಿಯೇ ಇದ್ದಾಳೆ. ಅಲ್ಲಿಯೂ ಅವಳಿಗೆ ಈಗ ಮಕ್ಕಳು ಮರಿಗಳಿದ್ದಾರೆ. ಅವಳು ಬಿಟ್ಟುಹೋದ ಕಡಲತೀರದಲ್ಲಿ ಇಂದು ಲೋಕದ ನಾನಾ ಭಾಷೆಗಳು ಕೇಳಿಬರುತ್ತವೆ. ಅವುಗಳಲ್ಲಿ ಕನ್ನಡವೂ ಒಂದು. ವಿಜಾಪುರ, ಬಾಗಲಕೋಟೆ, ಗದಗ, ಕೊಪ್ಪಳಗಳಿಂದ ಕಟ್ಟಡದ ಕೆಲಸಕ್ಕೆ, ಹೋಟೆಲಿನ ಕೆಲಸಕ್ಕೆ, ವ್ಯಾಪಾರಕ್ಕೆ ಬಂದವರ ಮಕ್ಕಳು ಇಲ್ಲಿ ಬೆಳೆಯುತ್ತಿದ್ದಾರೆ. ಅವರು ಬೀದಿಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಹಿಂದಿ, ತರಗತಿಯಲ್ಲಿ ಇಂಗ್ಲಿಷ್ ಆಡಿ, ಮನೆಗೆ ಬಂದು ಅವ್ವನೊಂದಿಗೆ ಕನ್ನಡ ಆಡುತ್ತಾರೆ. ಕೆಲವರು ಗೆಳೆಯರ ಮುಂದೆ ಅವ್ವನ ಕರೆಗೆ ಓಗೊಡಲು ಅಳುಕುತ್ತಾರೆ. ಆ ಅಳುಕನ್ನು ಶೆಣೈ ಗೋಂಯ್‌ಬಾಬರು ಚೆನ್ನಾಗಿ ಬಲ್ಲವರಾಗಿದ್ದರು. ಅವರ ಬದುಕನ್ನು ಓದಿದ ವಿದ್ಯಾರ್ಥಿ ಕೊಂಕಣಿಯನ್ನು ಗೌರವದಿಂದ ಕಲಿಯಲಿ. ಅವ್ವ ಕನ್ನಡದಲ್ಲಿ ಕರೆದಾಗ ಗಟ್ಟಿಯಾಗಿಯೇ ಓಗೊಡಲಿ.